ತಿರುವಿನ ನ್ಯಾಯ

ಕಾಪುವಿನ ದೀಪಸ್ತಂಭದ ಬಂಡೆಯ ಮೇಲೆ ಕುಳಿತವರಿಗೆ ಲೋಕದ ಯಾವ ಸಮಸ್ಯೆಯೂ ಬಗೆಹರಿಯದ್ದೆಂದು ತೋರುವುದಿಲ್ಲ. ಕಳೆದ ತಿಂಗಳ ಒಂದು ಸಂಜೆ ನಾವು ಮೂವರು ಅಲ್ಲಿ ಕುಳಿತಿದ್ದೆವು: ರಜೆಯಲ್ಲಿ ಊರಿಗೆ ಬಂದಿದ್ದ ನನ್ನ ತಂಗಿಯ ಮಗ, ವಾಯುಪಡೆಯಲ್ಲಿ ಯುದ್ಧವಿಮಾನ ನಡೆಸುವವನು, ಅದೇ ಪಡೆಯಲ್ಲಿ ದುಡಿದು ನಿವೃತ್ತರಾಗಿ ಉಡುಪಿಯಲ್ಲಿರುವ ನೆರೆಮನೆಯ ರಾಯರು, ಮತ್ತು ಬಜಪೆಯಲ್ಲಿ ವಿಮಾನ ಹತ್ತಿ ಇಳಿದದ್ದರ ಹೊರತು ಆ ವಿದ್ಯೆಯಲ್ಲಿ ಏನೂ ಅರಿಯದ ನಾನು.

ಮಾತು ಇಳಿಯುವ ಬಗೆಗೆ ಹೊರಳಿತು. ಯುದ್ಧವಿಮಾನಗಳು ಗುಂಪಾಗಿ ಮರಳುವಾಗ ನಮ್ಮ ಪ್ರಯಾಣಿಕ ವಿಮಾನದಂತೆ ದೂರದಿಂದಲೇ ಮೆಲ್ಲಗೆ ಇಳಿದು ಬರುವುದಿಲ್ಲವಂತೆ. ವೇಗ ಬಿಡದೆ ಓಡುದಾರಿಯ ನೆತ್ತಿಗೇ ಬಂದು, ಅಲ್ಲಿ ಒಂದೊಂದಾಗಿ, ಕೆಲವೇ ಸೆಕೆಂಡುಗಳ ಅಂತರದಲ್ಲಿ, ರೆಕ್ಕೆ ಓರೆ ಮಾಡಿ ಗಕ್ಕನೆ ತಿರುಗುತ್ತವೆ. ಆ ತಿರುವೇ ವೇಗವನ್ನು ತಿಂದುಹಾಕುತ್ತದೆ. ಸುತ್ತು ಮುಗಿಯುವ ಹೊತ್ತಿಗೆ ಚಕ್ರ ಇಳಿಸಿ ನೆಲ ಮುಟ್ಟುವ ಹದ ಬಂದಿರುತ್ತದೆ. ಇದು ಬರಿಯ ಚೆಲುವಿಗಾಗಿ ಹುಟ್ಟಿದ್ದಲ್ಲ. ತಗ್ಗಿನಲ್ಲಿ ನಿಧಾನವಾಗಿ ಹಾರುವ ವಿಮಾನ ಹಗೆಗೆ ಸುಲಭದ ಬೇಟೆ. ಎಣ್ಣೆ ಮುಗಿಯುತ್ತ ಬಂದ ನಾಲ್ಕು ವಿಮಾನಗಳನ್ನು ಬೇಗ ಇಳಿಸಿಕೊಳ್ಳಬೇಕು. ನಡುವೆ ಎಂಜಿನ್ ಕೈಕೊಟ್ಟರೂ ನಿಲ್ದಾಣ ಹತ್ತಿರದಲ್ಲೇ ಇರಬೇಕು. ಇಷ್ಟರ ಮಟ್ಟಿಗೆ ಇಬ್ಬರಿಗೂ ಒಪ್ಪಿಗೆ. ಜಗಳವೆಲ್ಲ ಎಷ್ಟು ವೇಗ, ಎಷ್ಟು ತಗ್ಗು ಎಂಬುದರಲ್ಲಿ.

“ಯುದ್ಧಕ್ಕೆ ಬೇಕಾದದ್ದನ್ನು ಶಾಂತಿಯ ಕಾಲದಲ್ಲಿ ಕಲಿಯದೆ ಇನ್ನೆಂದು ಕಲಿಯುವುದು?” ಎಂದ ಅಳಿಯ.

“ಅದಕ್ಕೆ ಮೊದಲು ಯುದ್ಧದ ತನಕ ಉಳಿಯಬೇಕಲ್ಲ ಮಾರಾಯ!” ಎಂದರು ರಾಯರು. “60 ಡಿಗ್ರಿ ಓರೆಯಾಗಿ, ಎತ್ತರ ಬಿಡದೆ ತಿರುಗಿದರೆ ರೆಕ್ಕೆ ಹೊರಬೇಕಾದ ಭಾರ ಎರಡರಷ್ಟು, 75 ಆದರೆ ಹೆಚ್ಚುಕಡಮೆ ನಾಲ್ಕರಷ್ಟು. ಮೇಲಿದ್ದಾಗ ತಪ್ಪಿದರೆ ತಿದ್ದಿಕೊಳ್ಳಬಹುದು. ತಗ್ಗಿನಲ್ಲಿ ತಿದ್ದುಪಡಿಗೆ ಜಾಗವೆಲ್ಲಿ?”

ನ್ಯಾಯಾಧೀಶನ ಗತ್ತಿನಿಂದ ನಾನು ಕೇಳಿದೆ: “ಯಾರೂ ನೋಡುತ್ತಿಲ್ಲವೆಂದರೂ ಹೀಗೆಯೇ ತಿರುಗುತ್ತೀಯಾ?” ಅವನನ್ನು ಹಿಡಿದೆನೆಂದೇ ಭಾವಿಸಿದ್ದೆ. ಅವನು ನಕ್ಕ. “ನಾನು ನೋಡುತ್ತೇನಲ್ಲ ಮಾವ!”

ನನ್ನ ಒರೆಗಲ್ಲು ಅಲ್ಲಿಗೇ ಒಡೆಯಿತು. ಒಬ್ಬನೇ ಕುಳಿತು ಮದ್ದಳೆ ನುಡಿಸುವವನೂ ಪೆಟ್ಟು ಸರಿಯಾಗಿ ಬಿದ್ದಾಗ ತಲೆದೂಗುತ್ತಾನೆ. ತನ್ನ ಕಸುಬಿನಲ್ಲಿ ಹೆಮ್ಮೆಯಿಲ್ಲದವನು ಚಾಲಕನಾಗಲಿ ಬಡಗಿಯಾಗಲಿ, ನಂಬತಕ್ಕವನಲ್ಲ. ಹೆಮ್ಮೆಯನ್ನೆಲ್ಲ ಆಡಂಬರವೆನ್ನಲಾಗದು.

ಫಲವನ್ನು ನೋಡಿ ತೀರ್ಮಾನಿಸೋಣವೆ? ಅದೂ ಸಲ್ಲದು. ಬೀದರಿನಲ್ಲಿ 1996ರಲ್ಲಿ ಹುಟ್ಟಿದ ‘ಸೂರ್ಯಕಿರಣ’ ತಂಡದ ಎರಡು ವಿಮಾನಗಳು 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ಅಭ್ಯಾಸದ ವೇಳೆ ಡಿಕ್ಕಿ ಹೊಡೆದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಸತ್ತರೆಂಬ ಮಾತ್ರಕ್ಕೆ ಒಬ್ಬರನ್ನು ತಪ್ಪಿತಸ್ಥರೆನ್ನುವುದು ಅನ್ಯಾಯ. ಬದುಕಿದನೆಂಬ ಮಾತ್ರಕ್ಕೆ ಇನ್ನೊಬ್ಬನನ್ನು ಸರಿಯೆನ್ನುವುದೂ ಅಷ್ಟೇ ಅನ್ಯಾಯ.

ಆಗ ರಾಯರು ಅಮೆರಿಕದ ಫೇರ್‌ಚೈಲ್ಡ್ ವಾಯುನೆಲೆಯ ಕಥೆ ಹೇಳಿದರು. 1994ರ ಜೂನ್ 24ರಂದು ಅಲ್ಲಿ ಬಿ-52 ಬಾಂಬರ್ ಒಂದು, ಪ್ರದರ್ಶನಕ್ಕಾಗಿ ಅಭ್ಯಾಸ ಮಾಡುತ್ತ, ನೆಲದಿಂದ ಸುಮಾರು 250 ಅಡಿಯಲ್ಲಿ ವಿಪರೀತ ಓರೆಯಾಗಿ ತಿರುಗಿ ಬಿತ್ತು. ನಾಲ್ವರೂ ಸತ್ತರು. ನಡೆಸುತ್ತಿದ್ದವನು ನಿಪುಣ, ಆದರೆ ವರ್ಷಗಳಿಂದ ನಿಯಮ ಮೀರುತ್ತ ಬಂದವನು. ಅವನ ಹಾರಾಟ ನಿಲ್ಲಿಸಬೇಕೆಂದು ಮಾರ್ಕ್ ಮೆಗೀಹನ್ ಎಂಬ ಅಧಿಕಾರಿ ಕೇಳಿಕೊಂಡರೂ ಮೇಲಿನವರು ಒಪ್ಪಲಿಲ್ಲ. ತನ್ನ ಕಿರಿಯರನ್ನು ಅವನೊಡನೆ ಕಳುಹಿಸಲು ಮನಸ್ಸೊಪ್ಪದೆ, ಆ ದಿನ ಪಕ್ಕದ ಪೀಠದಲ್ಲಿ ಮೆಗೀಹನ್ನರೇ ಕುಳಿತಿದ್ದರು.

ನನಗೆ ನಮ್ಮ ಬಜಪೆಯೇ ನೆನಪಾಯಿತು. 2010ರ ಮೇ 22ರಂದು 158 ಜನ ಮಡಿದ ಆ ವಿಮಾನದಲ್ಲಿ, ಇಳಿಯದೆ ಮತ್ತೆ ಮೇಲೇರೋಣವೆಂದು ಸಹಚಾಲಕರು ಮೂರು ಬಾರಿ ಹೇಳಿದ್ದರೆಂದು ತನಿಖೆ ತಿಳಿಸಿತು. ಎರಡು ಕಡೆಯೂ ‘ಬೇಡ’ ಎಂಬ ಮಾತು ಇತ್ತು; ಕಿವಿ ಇರಲಿಲ್ಲ.

ಪರರನ್ನು ದೂರುವುದು ಸುಲಭ. ಕೆಲವು ವರ್ಷಗಳ ಹಿಂದೆ ಮಣಿಪಾಲದ ಆಸ್ಪತ್ರೆಯಲ್ಲಿದ್ದ ಗೆಳೆಯನನ್ನು ನೋಡಲು ಕಾರ್ಕಳದಿಂದ ಬಸ್ಸು ಹತ್ತಿದ್ದೆ. ಹಿರಿಯಡ್ಕ ದಾಟಿದ ಮೇಲೆ ಬಸ್ಸು ತಿರುವುಗಳಲ್ಲಿ ವಾಲತೊಡಗಿತು. ಮುದುಕಿಯೊಬ್ಬಳು “ನಿಧಾನ ಮಗಾ” ಎಂದು ಬೇಡಿದಳು. ಚಾಲಕ ನಕ್ಕ, ಅವಸರದಲ್ಲಿದ್ದ ನಾನೂ ನಕ್ಕೆ. ಹತ್ತು ನಿಮಿಷ ಮೊದಲೇ ತಲುಪಿದೆವು. ಏನೂ ಆಗಲಿಲ್ಲ. ಈ ‘ಏನೂ ಆಗಲಿಲ್ಲ’ ಎಂಬುದರಷ್ಟು ಕೆಟ್ಟ ಗುರು ಇನ್ನೊಬ್ಬನಿಲ್ಲ. ಅಂದು ಆ ಚಾಲಕನಿಗೆ ಪಾಠ ಹೇಳಿದವರಲ್ಲಿ ನಾನೂ ಒಬ್ಬ.

ಬಂಡೆಯಿಂದ ಏಳುವ ಮುನ್ನ ಅಳಿಯನನ್ನು ಮತ್ತೆ ಕೇಳಿದೆ: “ನಿನ್ನ ಹಿಂದೆಯೇ ತಿರುಗಬೇಕಾದ ಕಿರಿಯನೊಬ್ಬ ‘ಸರ್, ಇಷ್ಟು ತಗ್ಗು ಬೇಡ’ ಎಂದರೆ?”

ಅವನು ಬಹಳ ಹೊತ್ತು ಕಡಲನ್ನೇ ನೋಡಿದ. “ಅವನು ಹೇಳುವುದಿಲ್ಲ ಮಾವ.”

“ನನ್ನ ಹೆದರಿಕೆ ಅದೇ” ಎಂದೆ. ರಾಯರೂ ಸುಮ್ಮನಿದ್ದರು.

ತಿರುವು ಸರಿಯೋ ತಪ್ಪೋ ಎಂಬುದನ್ನು ಬಲ್ಲವರು ನಿರ್ಧರಿಸಲಿ. ನನಗೆ ತೋರುವುದಿಷ್ಟು: ನಮ್ಮ ನೈಪುಣ್ಯದ ಹಿಂದೆ ಇನ್ನೊಬ್ಬರ ಪ್ರಾಣ ಬರುತ್ತಿರುವಾಗ, ಅವರಿಗೆ ಬೇಡವೆನ್ನುವ ಧೈರ್ಯ ಉಳಿದಿದೆಯೇ ಎಂದು ನೋಡಿಕೊಳ್ಳುವುದೂ ಆ ನೈಪುಣ್ಯದ ಭಾಗವೇ. ಅಷ್ಟಿಲ್ಲದ ಹೆಮ್ಮೆ, ಎಷ್ಟೇ ನಿಜವಾದದ್ದಾದರೂ, ಪರರ ಗಂಟಿನಲ್ಲಿ ಆಡುವ ಜೂಜು.

ಮರುವಾರ ಕಾರ್ಕಳದ ಬಸ್ಸಿನಲ್ಲಿ ಮತ್ತೆ ಅದೇ ಓಟ. ಈ ಸಲ ನಾನು ಎದ್ದು “ಸ್ವಲ್ಪ ನಿಧಾನ ಮಾಡಿ” ಎಂದೆ. ಚಾಲಕ ಸ್ವಲ್ಪ ನಿಧಾನ ಮಾಡಿದ. ಪಕ್ಕದವರೊಬ್ಬರು ಗಡಿಯಾರ ನೋಡಿ, ಬಳಿಕ ನನ್ನನ್ನು ದುರುಗುಟ್ಟಿ ನೋಡಿದರು. ಆ ನೋಟ ನನಗೆ ಹೊಸದೇನೂ ಅಲ್ಲ; ಒಂದು ಕಾಲಕ್ಕೆ ಅದು ನನ್ನದೇ ಆಗಿತ್ತು.