ಅಜ್ಜಿಯ ಒಂದು ಸುಳ್ಳು

ಮನೆಯ ಹಿರಿಯ ಹೆಂಗಸರ ಧೈರ್ಯವನ್ನು ಹೊಗಳುವಾಗ ನಾವು ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊಗಳುತ್ತೇವೆಂದು ನನಗೆ ತೋರುತ್ತದೆ. ಆ ಧೈರ್ಯದಿಂದ ಮನೆಗೆ ಬಂದ ಲಾಭವೆಷ್ಟು ಎಂಬುದೇ ಆ ಲೆಕ್ಕ. ಗಂಡಸರಿಗೆ ಈ ತೊಡಕಿಲ್ಲ. ಸುಮ್ಮನೆ ಊರೂರು ತಿರುಗಿದ ಅಜ್ಜನನ್ನೂ ‘ರಸಿಕ’ನೆಂದು ನೆನೆಯುವವರುಂಟು.

ನನ್ನ ಅಜ್ಜಿ ಹುಟ್ಟಿದ್ದು 1911ರಲ್ಲಿ, ರಾಯಬಾಗದಲ್ಲಿ. ಆಗ ಅದು ಕೊಲ್ಹಾಪುರ ಸಂಸ್ಥಾನದ ಊರು. ಕೊಟ್ಟದ್ದು ಚಿಕ್ಕೋಡಿ ತಾಲೂಕಿನ ಕೃಷ್ಣಾ ದಂಡೆಯ ಒಂದು ಹಳ್ಳಿಗೆ. ಅದು ಇಂಗ್ಲಿಷರ ಮುಂಬಯಿ ಇಲಾಖೆ. 1956ರಲ್ಲಿ ಆಕೆ ಮೈಸೂರು ರಾಜ್ಯದವಳಾದಳು, 1973ರಲ್ಲಿ ಕರ್ನಾಟಕದವಳು. ಸರಕಾರಗಳು ಆಕೆಯ ಹೊಸ್ತಿಲ ಮುಂದೆ ಹೀಗೆ ಹಾದುಹೋದವು. ತೊಂಬತ್ತೈದು ತುಂಬಿ 2006ರಲ್ಲಿ ತೀರಿಕೊಳ್ಳುವವರೆಗೆ ಮನೆಯಲ್ಲಿ ಅದೇ ಕನ್ನಡ, ನಿಪ್ಪಾಣಿಯ ಪೇಟೆಯಲ್ಲಿ ಅದೇ ಮರಾಠಿ.

ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಕಥೆ ಹೊಳೆಯದು. ಒಂದು ಮಳೆಗಾಲದ ರಾತ್ರಿ, ಗಂಡಸರು ಯಾರೂ ಊರಲ್ಲಿಲ್ಲದಾಗ, ಜ್ವರ ಬಂದ ಮಗನನ್ನು ಸೆರಗಿನಲ್ಲಿ ಸುತ್ತಿಕೊಂಡು ಆಕೆ ನಾವಿಕನನ್ನು ಎಬ್ಬಿಸಿ, ಏರಿದ ಕೃಷ್ಣೆಯನ್ನು ದಾಟಿ, ಮಿರಜದ ಮಿಶನ್ ಆಸ್ಪತ್ರೆಗೆ ಒಯ್ದಳು. 2005ರಲ್ಲಿ, 2019ರಲ್ಲಿ ರಾಯಬಾಗ, ಅಥಣಿ, ಕಾಗವಾಡದ ಕಡೆಯ ಹಳ್ಳಿಗಳಿಗೆ ನುಗ್ಗಿದ ನೀರನ್ನು ಕಂಡವರಿಗೆ ಆ ಹೊಳೆ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಮಗ ಉಳಿದ. ನನ್ನ ತಂದೆ ಅವನೇ. ಕಥೆ ದೊಡ್ಡದೇ, ಹೇಳತಕ್ಕದ್ದೇ.

ಇನ್ನೊಂದು ಕಥೆಯನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. 1974ರಲ್ಲಿ, ಅರವತ್ಮೂರರ ವಯಸ್ಸಿನಲ್ಲಿ, ತವರಿಗೆ ಹೋಗಿಬರುತ್ತೇನೆಂದು ಹೊರಟ ಅಜ್ಜಿ ರಾಯಬಾಗದ ಸ್ಟೇಶನ್ನಿನಲ್ಲಿ ಗಾಡಿ ಹತ್ತಿದಳು, ಮಿರಜದಲ್ಲಿ ಇಳಿದಳು, ಬಾರ್ಶಿ ಕಂಪನಿಯವರು 1927ರಲ್ಲಿ ಅಲ್ಲಿಯವರೆಗೆ ತಂದಿದ್ದ ಎರಡೂವರೆ ಅಡಿ ಅಗಲದ ಹಳಿಯ ಪುಟ್ಟ ರೈಲಿನಲ್ಲಿ ಕುಳಿತು ಪಂಢರಪುರಕ್ಕೆ ಹೋದಳು. ಒಬ್ಬಳೇ. ಯಾವ ಏಕಾದಶಿಯೂ ಅಲ್ಲ, ಯಾವ ಹರಕೆಯೂ ಇರಲಿಲ್ಲ. ತವರಿನಲ್ಲಿ ಆಕೆ ಇಲ್ಲವೆಂದು ತಿಳಿದಾಗ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಹುಡುಕಲು ಆಳುಗಳನ್ನು ಬಾವಿಗೂ ಇಳಿಸಿದರು. ಮೂರನೆಯ ದಿನ ಬುಕ್ಕಿಟ್ಟು, ಚುರುಮುರಿ ಕಟ್ಟಿಕೊಂಡು ಬಂದಳು. ‘ವಿಠ್ಠಲನ್ನ ನೋಡಿದ್ದು ಅರ್ಧಾ ತಾಸು, ಕಿಡಕ್ಯಾಗಿಂದ ಹೊರಗ ನೋಡಿದ್ದು ದಿನಾ ಪೂರ್ತಿ’ ಎಂದಳಂತೆ. ಹೇಳಿ ಹೋಗಬಾರದಿತ್ತೇ ಎಂದು ನನ್ನ ತಂದೆ ಕಣ್ಣೀರು ಹಾಕಿದಾಗ ಬಂದ ಉತ್ತರ: ‘ಹೇಳಿದ್ರ ನೀವೂ ಬರತಿದ್ರಿ.’

ಸುಳ್ಳು ತಪ್ಪೇ? ತಪ್ಪೇ. ಬಾವಿಯ ದಂಡೆಯಲ್ಲಿ ನಿಂತ ಮಗನ ಭಯವನ್ನು ಹಾಸ್ಯದಲ್ಲಿ ಹಾರಿಸಿಬಿಡುವುದು ನನಗೆ ಒಪ್ಪದು. ಆದರೆ ನಿಜ ಹೇಳಿದ್ದರೆ ಆ ಪ್ರಯಾಣ ಆಗುತ್ತಲೇ ಇರಲಿಲ್ಲವೆಂಬುದೂ ಅಷ್ಟೇ ಖಂಡಿತ. ಜೊತೆಗೊಬ್ಬ ಮೊಮ್ಮಗ, ಬುತ್ತಿ, ಪಂಚಾಂಗ, ಬೀಗರ ಮನೆಯಲ್ಲಿ ವಸತಿ ಎಲ್ಲವೂ ಸಿದ್ಧವಾಗುತ್ತಿದ್ದವು. ಆಕೆಗೆ ಬೇಕಾಗಿದ್ದ ಕಿಡಕಿಯೊಂದು ಮಾತ್ರ ಸಿಗುತ್ತಿರಲಿಲ್ಲ. ನಿಜಕ್ಕೆ ಬಾಗಿಲು ಮುಚ್ಚಿದವರಿಗೂ ಆ ಸುಳ್ಳಿನಲ್ಲಿ ಒಂದು ಪಾಲು ಸಲ್ಲುತ್ತದೆಂದು ನಾನು ಎಣಿಸುತ್ತೇನೆ. ದೊಡ್ಡ ಪಾಲೇ ಇರಬಹುದು.

ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಧೂಳು ಕುಡಿಯುತ್ತ ದುಡಿದ ಹೆಂಗಸರು ದಿನವೂ ಹೊಸ್ತಿಲು ದಾಟಿದವರು. ನನ್ನ ಅಜ್ಜಿಯನ್ನು ಅವರ ಸಾಲಿನಲ್ಲಿ ಕೂರಿಸುವುದು ಸಲ್ಲದು; ಆಕೆಗೆ ಹೊಲವಿತ್ತು, ಹಿಂತಿರುಗಲು ತುಂಬಿದ ಮನೆಯಿತ್ತು. ಆದರೂ ಒಂದು ಮಾತಿದೆ. ಕೂಲಿಗೆಂದು ಅವರು ಹೊರಗೆ ಹೋದಷ್ಟು ದಿನ ಅದು ಸಾಹಸವೆಂದು ಯಾರಿಗೂ ತೋರಲಿಲ್ಲ. ಸಂಘ ಕಟ್ಟಿ ತಮ್ಮ ಪಾಲನ್ನು ಕೇಳಲು ನಿಂತ ಮೇಲೆಯೇ ಊರು ಅವರತ್ತ ತಿರುಗಿ ನೋಡಿತು. 1982ರಲ್ಲಿ ಯುಗಾಂತರ ಎಂಬ ಮಹಿಳೆಯರ ತಂಡ ಆ ಹೋರಾಟವನ್ನು ಸಾಕ್ಷ್ಯಚಿತ್ರವಾಗಿ ತೆಗೆಯಿತು.

ಅಜ್ಜಿಯ ತಿಥಿಯ ದಿನ ಊಟವಾದ ಮೇಲೆ ಹೊಳೆಯ ಕಥೆ ಈಗಲೂ ತಪ್ಪದೆ ನಡೆಯುತ್ತದೆ. ರೈಲಿನ ಮಾತು ಬಂದರೆ ‘ಯಾತ್ರೆಗೆ ಹೋಗಿದ್ದಳು’ ಎಂದು ಮುಗಿಸುತ್ತಾರೆ. ನೌಕರಿಗೆಂದು ಒಬ್ಬಳೇ ಬೆಂಗಳೂರು ಸೇರಿದ ನನ್ನ ತಮ್ಮನ ಮಗಳು ಕಳೆದ ಸಲ, ರಜೆಯಲ್ಲಿ ಒಬ್ಬಳೇ ಹಿಮಾಲಯ ನೋಡಿ ಬರುತ್ತೇನೆಂದಳು. ‘ಯಾಕವಾ?’ ಎಂದು ಹಿರಿಯರೆಲ್ಲ ಒಟ್ಟಿಗೆ ಕೇಳಿದರು. ಬೆಂಗಳೂರಿಗೆ ಹೊರಟಾಗ ಯಾರೂ ಹಾಗೆ ಕೇಳಿರಲಿಲ್ಲ.