ಹೊಸ್ತಿಲಲ್ಲಿ ನಿಲ್ಲುವ ಸಾಲ

ಸಾಲ ತೀರಿಸಲಾಗದವನ ಮನೆಯನ್ನು ಏನು ಮಾಡಬೇಕು? ಟೆಕ್ಸಾಸ್ ಈ ಪ್ರಶ್ನೆಯನ್ನು ಎದುರಿಸಿದ್ದು 1839ರಲ್ಲಿ, ಅದಿನ್ನೂ ಸ್ವತಂತ್ರ ಗಣರಾಜ್ಯವಾಗಿದ್ದಾಗ. 1837ರ ಆರ್ಥಿಕ ಕುಸಿತದಲ್ಲಿ ಮನೆಮಾರು ಕಳೆದುಕೊಂಡ ಎಷ್ಟೋ ಕುಟುಂಬಗಳು ಅಮೆರಿಕದಿಂದ ಗಡಿ ದಾಟಿ ಅಲ್ಲಿಗೆ ಬಂದಿದ್ದವು. 50 ಎಕರೆ ಜಮೀನು ಅಥವಾ ಪೇಟೆಯ ಒಂದು ನಿವೇಶನ, ಅದರಲ್ಲಿರುವ ವಾಸದ ಮನೆ, ಇವುಗಳನ್ನು ಸಾಲಕ್ಕಾಗಿ ಜಪ್ತಿ ಮಾಡುವಂತಿಲ್ಲ ಎಂದು ಅಲ್ಲಿನ ಶಾಸನ ಸಾರಿತು. ಗಂಡನೊಬ್ಬನೇ ಆ ಮನೆಯನ್ನು ಮಾರಿಬಿಡದಂತೆ ಹೆಂಡತಿಯ ಒಪ್ಪಿಗೆ ಬೇಕೆಂಬ ಮಾತು 1845ರ ಸಂವಿಧಾನದಲ್ಲಿ ಸೇರಿತು. ಇದೇ ಇಂದಿನ ಹೋಮ್‌ಸ್ಟೆಡ್ ರಕ್ಷಣೆಯ ಬೇರು.

ಈಗ ಅಲ್ಲಿ ಕೋರ್ಟಿನಲ್ಲಿ ಗೆದ್ದವನು ತನ್ನ ತೀರ್ಪನ್ನು ಕೌಂಟಿ ಕಚೇರಿಯಲ್ಲಿ ದಾಖಲಿಸಿದರೆ, ಸಾಲಗಾರನಿಗೆ ಆ ಕೌಂಟಿಯಲ್ಲಿರುವ ಸ್ಥಿರಾಸ್ತಿಯ ಮೇಲೆ ಋಣಭಾರ ಏರುತ್ತದೆ, ನಮ್ಮ ಪಹಣಿಯಲ್ಲಿ ಬೋಜಾ ಏರಿದ ಹಾಗೆ. ಸಾಲಗಾರ ವಾಸವಾಗಿರುವ ಮನೆಗೆ ಮಾತ್ರ ಅದು ಅಂಟುವುದಿಲ್ಲ. ಸಾಲ ಮನ್ನಾ ಆಗಿಲ್ಲ, ಬಡ್ಡಿಯೂ ಬೆಳೆಯುತ್ತಲೇ ಇರುತ್ತದೆ. ಮನೆಯನ್ನು ಮಾರಿದರೆ ಬಂದ ಹಣಕ್ಕೂ ಆರು ತಿಂಗಳ ರಕ್ಷಣೆಯಿದೆ, ಅಷ್ಟರೊಳಗೆ ಇನ್ನೊಂದು ಸೂರು ಹುಡುಕಿಕೊಳ್ಳಲಿ ಎಂದು. ಮರಳುವ ಉದ್ದೇಶವಿಲ್ಲದೆ ಮನೆ ಬಿಟ್ಟು ಹೋದರೆ ರಕ್ಷಣೆ ಕಳಚಿಬೀಳುತ್ತದೆ, ಕಾಯುತ್ತಿದ್ದ ಋಣಭಾರ ಬಂದು ಕೂರುತ್ತದೆ.

ಆ ಆರು ತಿಂಗಳ ಗಡುವು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಗೋಡೆಯನ್ನು ಕಾಯುವುದಷ್ಟೇ ಉದ್ದೇಶವಾಗಿದ್ದರೆ ಮಾರಿದ ದಿನವೇ ಕಾನೂನಿನ ಕೆಲಸ ಮುಗಿಯಬೇಕಿತ್ತು. ಅದು ಮನೆಯಿಲ್ಲದ ಕುಟುಂಬದ ಹಿಂದೆಯೂ ನಡೆದುಬರುತ್ತದೆ. ಗಂಡ ಸತ್ತ ಮೇಲೆ ಹೆಂಡತಿ ಅಲ್ಲೇ ಇರುತ್ತೇನೆ ಎನ್ನುವಷ್ಟು ಕಾಲ ವಾರಸುದಾರರು ಆ ಮನೆಯನ್ನು ಪಾಲು ಮಾಡಿಸಿಕೊಳ್ಳುವಂತಿಲ್ಲ. ಒಲೆ ಹಚ್ಚಿ, ಮಕ್ಕಳನ್ನು ಮಲಗಿಸಿ, ಕಾಯಿಲೆ ಬಿದ್ದವರನ್ನು ನೋಡಿಕೊಂಡು ನಡೆಯುವ ಬದುಕೇ ಇಲ್ಲಿ ಹಕ್ಕಿನ ಆಧಾರ. ಒಡೆತನದ ಪತ್ರಕ್ಕೆ ಎರಡನೆಯ ಜಾಗ.

ಆದರೂ ಕೆಲವು ಸಾಲಗಳಿಗೆ ಬಾಗಿಲು ತೆರೆದೇ ಇದೆ. ಆ ಮನೆ ಕೊಳ್ಳಲು ತೆಗೆದ ಸಾಲ, ಆಸ್ತಿ ತೆರಿಗೆ, ಲಿಖಿತ ಕರಾರಿನ ಮೇಲೆ ಮನೆ ಕಟ್ಟಿಕೊಟ್ಟ ಅಥವಾ ರಿಪೇರಿ ಮಾಡಿಕೊಟ್ಟ ಕಂಟ್ರಾಕ್ಟರನ ಬಾಕಿ. ಬೇರೆ ಖರ್ಚಿಗೆ ಮನೆ ಅಡವಿಡುವ ಅವಕಾಶ ಸಿಕ್ಕಿದ್ದು 1997ರ ತಿದ್ದುಪಡಿಯಿಂದ, ಅದೂ ಮನೆಯ ಬೆಲೆಯ ಶೇ. 80 ಮೀರದಂತೆ. ಸಾಲದ ಮೊತ್ತಕ್ಕಿಂತ ಅದರ ಹುಟ್ಟನ್ನು ಕೇಳುವ ಈ ಕ್ರಮ ನನಗೆ ನ್ಯಾಯವೆನಿಸುತ್ತದೆ. ಛಾವಣಿಗೆ ಹೆಂಚು ಹೊದಿಸಿದವನ ದುಡಿಮೆ ಆ ಸೂರಿನಲ್ಲೇ ಇದೆ. ಅವನ ಕೂಲಿ ಉಳಿಸಿಕೊಂಡು ಅದರಡಿ ನಿಶ್ಚಿಂತೆಯಿಂದ ಮಲಗಲು ಯಾರಿಗೂ ಹಕ್ಕಿಲ್ಲ.

ಹೊರಗೆ ನಿಂತವನು ಯಾವಾಗಲೂ ಬ್ಯಾಂಕೇ ಆಗಿರುತ್ತಾನೆಯೇ? ಯಾರದೋ ಕಾರಿಗೆ ಸಿಕ್ಕು ಕಾಲು ಮುರಿದುಕೊಂಡ ಕೂಲಿಯವನೂ ಪರಿಹಾರದ ತೀರ್ಪು ಹಿಡಿದು ಅದೇ ಹೊಸ್ತಿಲಲ್ಲಿ ನಿಲ್ಲಬಹುದು. ಟೆಕ್ಸಾಸಿನ ಮಿತಿ ಎಕರೆಗಳಲ್ಲಿದೆ: ಹಳ್ಳಿಯ ಕುಟುಂಬಕ್ಕೆ 200, ಊರಿನಲ್ಲಿ 10. ಬೆಲೆಗೆ ಮಿತಿಯಿಲ್ಲ. ಗುಡಿಸಲಿಗೂ ಬಂಗಲೆಗೂ ಒಂದೇ ಕವಚ. ದಿವಾಳಿಗೆ ಮುಂಚೆ ದೊಡ್ಡ ಮನೆ ಕೊಂಡು ಹಣವನ್ನೆಲ್ಲ ಅದರೊಳಗೆ ಅಡಗಿಸುವುದನ್ನು ತಡೆಯಲು ಅಮೆರಿಕದ ಸಂಸತ್ತು 2005ರಲ್ಲಿ, ಹಿಂದಿನ 1,215 ದಿನಗಳೊಳಗೆ ಕೊಂಡ ಮನೆಯ ರಕ್ಷಣೆಗೆ ಬೆಲೆಯ ಮಿತಿ ಹಾಕಬೇಕಾಯಿತು. ಕ್ಯಾಲಿಫೋರ್ನಿಯಾದ ದಾರಿ ಬೇರೆ. ಅಲ್ಲಿ ಋಣಭಾರ ಮನೆಗೆ ಅಂಟುತ್ತದೆ, ಆದರೆ ಹರಾಜಾದರೆ ನಿಗದಿತ ಮೊತ್ತ ಮೊದಲು ಮನೆಯವರಿಗೆ ಸೇರಬೇಕು. ಗಾಯಾಳುವನ್ನು ನೆನೆದಾಗ ನಾನು ಈ ದಾರಿಯನ್ನೇ ಒಪ್ಪುತ್ತೇನೆ.

ನಮ್ಮಲ್ಲಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ರೈತ, ಕೂಲಿಕಾರ, ಮನೆಗೆಲಸದವರು ವಾಸವಿರುವ ಸ್ವಂತ ಮನೆಯನ್ನು ಜಪ್ತಿಯಿಂದ ಹೊರಗಿಟ್ಟಿದೆ. ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ಬಿತ್ತನೆ ಬೀಜವನ್ನೂ ಅಮೀನ ಮುಟ್ಟುವಂತಿಲ್ಲ. ಅಲ್ಲಿ ಎಕರೆ, ಇಲ್ಲಿ ಕಸುಬು. ಕಿರಾಣಿ ಅಂಗಡಿಯವಳ ಎರಡು ಕೋಣೆಯ ಮನೆ ಮೂಲ ಕಲಮಿನ ಈ ಪಟ್ಟಿಯಲ್ಲಿಲ್ಲ. ರೈತರಲ್ಲದ ಸಾಲಗಾರರ ಒಂದು ಮುಖ್ಯ ವಾಸದ ಮನೆಯನ್ನೂ, ಅದನ್ನು ಆ ಸಾಲಕ್ಕೇ ಹೊಣೆ ಮಾಡಿರದಿದ್ದರೆ, ಪಂಜಾಬಿನ ತಿದ್ದುಪಡಿ ಕಾಪಾಡಿತು. ಆ ಮಾತು ದೇಶದ ಸಂಹಿತೆಗೇ ಬರಬೇಕು, ಬೆಲೆಯ ಮಿತಿಯೊಂದನ್ನು ಜೊತೆಗಿಟ್ಟುಕೊಂಡು.