ಶುಲ್ಕ, ಋಣ, ಪಂಕ್ತಿ: ಖಾಸಗಿ ಶಾಲೆಯ ಧರ್ಮಜಿಜ್ಞಾಸೆ

ವಿದ್ಯೆಯನ್ನು ಹಣಕ್ಕೆ ಕೊಡಬಹುದೇ, ಕೊಡುವುದಾದರೆ ಯಾವ ನಿಬಂಧನೆಯ ಮೇಲೆ ಎಂಬುದು ಭಾರತದ ಧರ್ಮಚಿಂತನೆಯಲ್ಲಿ ಬಹಳ ಹಿಂದೆಯೇ ಎದ್ದ ಪ್ರಶ್ನೆ. ಖಾಸಗಿ ಶಾಲೆಗಳು ಹಳ್ಳಿಹಳ್ಳಿಗೂ ಬಸ್ಸು ಕಳಿಸುತ್ತಿರುವ ಈ ಕಾಲದಲ್ಲಿ ಅದನ್ನು ಫೀಸು ಹೆಚ್ಚಾಯಿತೋ ಇಲ್ಲವೋ ಎಂಬ ಲೆಕ್ಕದ ಮಾತಾಗಿ, ಇಲ್ಲವೇ ಸರ್ಕಾರ ಅಂಕೆ ಹಾಕಬೇಕೋ ಬೇಡವೋ ಎಂಬ ಆಡಳಿತದ ಮಾತಾಗಿ ಚರ್ಚಿಸುವುದು ರೂಢಿಯಾಗಿದೆ. ಆದರೆ ಶುಲ್ಕ ಕಟ್ಟುವ ತಂದೆತಾಯಿ, ಕಲಿಯುವ ಮಗು ಮತ್ತು ಕಲಿಸುವ ಶಿಕ್ಷಕರ ನಡುವಿನ ಸಂಬಂಧ ಎಂಥದು, ಆ ಸಂಬಂಧದಲ್ಲಿ ಯಾರು ಯಾರಿಗೆ ಋಣಿ ಎಂಬುದನ್ನು ತೀರ್ಮಾನಿಸದೆ ಲೆಕ್ಕವೂ ಸರಿಹೋಗುವುದಿಲ್ಲ, ಆಡಳಿತವೂ ದಾರಿಗೆ ಬರುವುದಿಲ್ಲ.

ಧರ್ಮಶಾಸ್ತ್ರಗಳ ನಿಲುವು ಮೇಲುನೋಟಕ್ಕೆ ಕಠಿಣವಾಗಿದೆ. ಮನುಸ್ಮೃತಿಯು ಭೃತಕಾಧ್ಯಾಪಕನನ್ನು, ಎಂದರೆ ಮೊದಲೇ ಸಂಬಳ ಗೊತ್ತುಮಾಡಿಕೊಂಡು ಪಾಠ ಹೇಳುವವನನ್ನು, ಶ್ರಾದ್ಧದ ಪಂಕ್ತಿಗೆ ಅನರ್ಹನೆಂದು ಹೊರಗಿಡುತ್ತದೆ. ಕೂಲಿಗೆ ಕಲಿಸುವುದನ್ನೂ ಅಂಥವನಿಂದ ಕಲಿಯುವುದನ್ನೂ ಉಪಪಾತಕಗಳ, ಅಂದರೆ ಎರಡನೆಯ ದರ್ಜೆಯ ಪಾಪಗಳ, ಪಟ್ಟಿಗೆ ಸೇರಿಸುತ್ತದೆ. ಅದೇ ಗ್ರಂಥವು ಅಧ್ಯಾಪನವನ್ನು ಬ್ರಾಹ್ಮಣನ ಜೀವನೋಪಾಯಗಳಲ್ಲಿ ಒಂದೆಂದು ಒಪ್ಪುತ್ತದೆ ಮತ್ತು ಕಲಿಕೆ ಮುಗಿದ ಮೇಲೆ ಶಿಷ್ಯನು ಶಕ್ತ್ಯನುಸಾರ ಗುರುದಕ್ಷಿಣೆ ಕೊಡಬೇಕೆಂದೂ ವಿಧಿಸುತ್ತದೆ. ಹೀಗಾಗಿ ಅಲ್ಲಿನ ಆಕ್ಷೇಪ ಹಣದ ಮೇಲಿಲ್ಲ, ಹಣ ಮುಂದೆ ಬಂದು ವಿದ್ಯೆ ಹಿಂದೆ ಬರುವ ಕ್ರಮದ ಮೇಲಿದೆ. ಬೆಲೆ ಕೊಟ್ಟವನಿಗೆ ಮಾತ್ರ ಪಾಠ ಎಂಬ ಷರತ್ತು ಬಿದ್ದ ಕ್ಷಣದಲ್ಲಿ ಯೋಗ್ಯತೆ ಮತ್ತು ಜಿಜ್ಞಾಸೆಗಳ ಸ್ಥಾನವನ್ನು ಕೊಳ್ಳುವ ಶಕ್ತಿ ಆಕ್ರಮಿಸುತ್ತದೆ ಎಂಬುದು ಸ್ಮೃತಿಕಾರರ ಆತಂಕವಾಗಿತ್ತು.

ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ ಬರುವ ಕೌತ್ಸನ ವೃತ್ತಾಂತ ಈ ಆತಂಕಕ್ಕೆ ಇನ್ನೊಂದು ಮುಖವನ್ನು ತೋರಿಸುತ್ತದೆ. ಗುರು ವರತಂತು ಮೊದಲು ಶಿಷ್ಯನ ಭಕ್ತಿಯೇ ಸಾಕೆಂದು ದಕ್ಷಿಣೆಯನ್ನು ಬೇಡವೆನ್ನುತ್ತಾನೆ. ಕೌತ್ಸ ಬಿಡದೆ ಒತ್ತಾಯಿಸಿದಾಗ ಸಿಟ್ಟಿಗೆದ್ದು, ಕಲಿಸಿದ ಹದಿನಾಲ್ಕು ವಿದ್ಯೆಗೆ ಹದಿನಾಲ್ಕು ಕೋಟಿ ಕೇಳುತ್ತಾನೆ. ಬಡ ಶಿಷ್ಯನ ಆ ಹೊರೆಯನ್ನು ರಾಜ ರಘು ಹೊರುತ್ತಾನೆ, ಅದೂ ಯಜ್ಞದಲ್ಲಿ ಬೊಕ್ಕಸವನ್ನೆಲ್ಲ ದಾನಮಾಡಿ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯ ಕೊಡುವ ಸ್ಥಿತಿಯಲ್ಲಿದ್ದಾಗ. ಕೌತ್ಸನಾದರೋ ಗುರುವಿಗೆ ಸಲ್ಲಬೇಕಾದುದಕ್ಕಿಂತ ಒಂದು ಕಾಸನ್ನೂ ಹೆಚ್ಚಿಗೆ ಮುಟ್ಟುವುದಿಲ್ಲ. ವಿದ್ಯೆಗೆ ದರ ಕಟ್ಟುವುದು ಇಲ್ಲಿ ಕೋಪದ ಮಾತಾಗಿ ಬರುತ್ತದೆ, ದರ ಬಿದ್ದ ಮೇಲೆ ಅದನ್ನು ತೆರುವ ಹೊಣೆ ರಾಜ್ಯದ್ದಾಗುತ್ತದೆ. ಗ್ರೀಸಿನಲ್ಲಿಯೂ ಇಂಥದೇ ಚರ್ಚೆ ನಡೆದಿತ್ತು. ಸಾಕ್ರೆಟಿಸ್ ತಾನು ಶುಲ್ಕ ಪಡೆಯುವುದಿಲ್ಲವೆಂಬುದನ್ನು ನ್ಯಾಯಾಲಯದಲ್ಲಿ ತನ್ನ ಸಮರ್ಥನೆಗೆ ಬಳಸಿಕೊಂಡರೆ, ಹಣ ಪಡೆದು ಕಲಿಸುತ್ತಿದ್ದ ಪ್ರೊಟಾಗೊರಸ್ ಹೇಳಿದ ದರ ಹೆಚ್ಚೆನಿಸಿದ ಶಿಷ್ಯನು ದೇವಾಲಯಕ್ಕೆ ಹೋಗಿ, ಕಲಿತ ವಿದ್ಯೆ ಎಷ್ಟು ಬಾಳುತ್ತದೆಂದು ಪ್ರಮಾಣಮಾಡಿ ಅಷ್ಟನ್ನೇ ಕೊಡಬಹುದೆಂದು ಹೇಳಿದನೆಂದು ಪ್ಲೇಟೊ ದಾಖಲಿಸಿದ್ದಾನೆ.

ಈ ಎಲ್ಲ ನಿಲುವುಗಳ ಹಿಂದೆ ಋಣದ ಕಲ್ಪನೆಯಿದೆ. ತೈತ್ತಿರೀಯ ಸಂಹಿತೆಯು ಮನುಷ್ಯನು ದೇವಋಣ, ಪಿತೃಋಣ, ಋಷಿಋಣಗಳೊಂದಿಗೆ ಹುಟ್ಟುತ್ತಾನೆಂಬ ವಿಚಾರವನ್ನು ಬ್ರಾಹ್ಮಣನನ್ನು ಕುರಿತು ಹೇಳುತ್ತದೆ. ಋಷಿಋಣವೆಂದರೆ ಹಿಂದಿನವರು ಕಂಡುಕೊಂಡ ಜ್ಞಾನದ ಸಾಲ. ಅದು ತೀರುವುದು ಕಲಿಯುವುದರಿಂದ, ಕಲಿತದ್ದನ್ನು ಮುಂದಿನವರಿಗೆ ದಾಟಿಸುವುದರಿಂದ ಮಾತ್ರ. ಯಾರ ಸ್ವಂತ ಆಸ್ತಿಯೂ ಅಲ್ಲದ, ಕೊಟ್ಟರೆ ಕೊಟ್ಟವನಲ್ಲಿ ಕಡಿಮೆಯಾಗದ ವಸ್ತುವಿಗೆ ಬೆಲೆ ಕಟ್ಟುವುದು ತರ್ಕಕ್ಕೆ ನಿಲ್ಲುವುದಿಲ್ಲವಾದುದರಿಂದ ಶಾಲೆ ಪಡೆಯುವ ಶುಲ್ಕ ಶಿಕ್ಷಕರ ಶ್ರಮಕ್ಕೆ, ಕಟ್ಟಡಕ್ಕೆ, ಬೆಂಚು-ಬೋರ್ಡಿಗೆ ಸಲ್ಲುವ ಹಣವೇ ಹೊರತು ವಿದ್ಯೆಯ ಬೆಲೆಯಲ್ಲ.

ಕರ್ನಾಟಕದ ಶಾಸನಗಳು ಈ ಖರ್ಚನ್ನು ಸಮಾಜ ಹೇಗೆ ಹೊರುತ್ತಿತ್ತೆಂಬುದನ್ನು ತಿಳಿಸುತ್ತವೆ. ಈಗಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯನ್ನು ಕುರಿತ ಕ್ರಿ.ಶ. 945ರ ಶಾಸನವು ವಿದ್ಯಾರ್ಥಿಗಳ ವಸತಿಗೆ, ದೀಪಕ್ಕೆ ಬಿಟ್ಟ ಭೂಮಿಯ ಜೊತೆಗೆ, ಊರಿನವರು ಮದುವೆ, ಉಪನಯನ, ಚೌಲಗಳ ಸಂದರ್ಭದಲ್ಲಿ ಶಾಲೆಗೆ ಕೊಡಬೇಕಾದ ಕಾಣಿಕೆಯನ್ನೂ ನಮೂದಿಸುತ್ತದೆ. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠದ ಪಕ್ಕದಲ್ಲಿಯೇ ಅನಾಥರಿಗೂ ಅಂಗವಿಕಲರಿಗೂ ಅನ್ನ, ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿದ್ದ ಉಲ್ಲೇಖವಿದೆ. ಆದರೆ ಈ ಪರಂಪರೆಯನ್ನು ಹೊಗಳಿ ಸುಮ್ಮನಾಗುವಂತಿಲ್ಲ: ಶುಲ್ಕವಿಲ್ಲದ ಆ ಶಾಲೆಗಳ ಬಾಗಿಲು ದುಡಿಯುವ ಜಾತಿಗಳ ಮಕ್ಕಳಿಗೆ ಮತ್ತು ಹೆಣ್ಣುಮಕ್ಕಳಿಗೆ ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಹಣ ಕೇಳದ ವಿದ್ಯೆಯೂ ಅನ್ಯಾಯದ ವಿದ್ಯೆಯಾಗಬಹುದೆಂಬುದಕ್ಕೆ, ಗುರುವಿನಿಂದ ಒಂದು ದಿನವೂ ಪಾಠ ಹೇಳಿಸಿಕೊಳ್ಳದೆ ಹೆಬ್ಬೆರಳನ್ನು ದಕ್ಷಿಣೆಯಾಗಿ ಕೊಟ್ಟ ಏಕಲವ್ಯನ ಕಥೆಯೇ ಸಾಕ್ಷಿ.

ಆದಕಾರಣ ಪ್ರಶ್ನೆಗೆ ಹೆಚ್ಚು ನೆರವಾಗುವ ಉತ್ತರ ಹನ್ನೆರಡನೆಯ ಶತಮಾನದ ಶರಣರಲ್ಲಿ ದೊರೆಯುತ್ತದೆ. ಅವರ ಕಾಯಕ ತತ್ತ್ವ, ಅಂದರೆ ಮೈಮುರಿದು ಮಾಡುವ ಯಾವ ದುಡಿಮೆಯೂ ಪೂಜೆಯೆಂಬ ವಿಚಾರ, ಕೂಲಿಗೆ ಕಲಿಸುವವನನ್ನು ಪಂಕ್ತಿಯಿಂದ ಎಬ್ಬಿಸಿದ ಸ್ಮೃತಿಯ ತಿರಸ್ಕಾರವನ್ನು ತಳ್ಳಿಹಾಕುತ್ತದೆ. ಪಾಠವೂ ಕಾಯಕವಾದುದರಿಂದ ಅದರ ಪ್ರತಿಫಲ ಶಿಕ್ಷಕರ ಹಕ್ಕು. ಇದರ ಜೋಡಿಯಾದ ದಾಸೋಹ ತತ್ತ್ವವು ಅಗತ್ಯ ಮೀರಿದ ಗಳಿಕೆಯನ್ನು ಸಮುದಾಯಕ್ಕೆ ಸಲ್ಲಿಸಬೇಕೆನ್ನುತ್ತದೆ. ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡಿದ್ದ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲಿಗೇ ಸುರಿದು ಬರಲು ಕಳಿಸಿದಳೆಂಬ ಪ್ರಸಂಗದಲ್ಲಿ ಈ ಎರಡೂ ತತ್ತ್ವಗಳು ಒಟ್ಟಿಗೆ ಕಾಣುತ್ತವೆ. ದಾಸೋಹದ ಇನ್ನೊಂದು ಲಕ್ಷಣ ಪಂಕ್ತಿಭೇದವಿಲ್ಲದಿರುವುದು, ಅಂದರೆ ಉಣ್ಣುವ ಸಾಲಿನಲ್ಲಿ ಕುಲ, ಅಂತಸ್ತು ನೋಡಿ ಬೇರೆ ಬೇರೆ ಕೂರಿಸದಿರುವುದು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ಅಕ್ಷರ ಒದಗಿಸಿದ್ದನ್ನು ನಾಡು ತ್ರಿವಿಧ ದಾಸೋಹವೆಂದು ಕರೆದದ್ದು ಈ ಅರ್ಥದಲ್ಲಿಯೇ.

ಆಧುನಿಕ ನ್ಯಾಯಾಲಯಗಳು ಬೇರೆ ದಾರಿಯಿಂದ ಬಂದು ಇದೇ ಪ್ರಶ್ನೆಯ ಮುಂದೆ ನಿಂತಿವೆ, ಮತ್ತು ಹೆಸರಾಂತ ಎರಡು ತೀರ್ಪುಗಳೂ ಕರ್ನಾಟಕದಿಂದ ಹೋದ ಪ್ರಕರಣಗಳೇ. ಕರ್ನಾಟಕವು 1984ರಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು, ಜನರ ಮಾತಿನಲ್ಲಿ ಡೊನೇಷನ್ನನ್ನು, ನಿಷೇಧಿಸುವ ಕಾಯ್ದೆ ಮಾಡಿತು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂಥ ವಸೂಲಿಯನ್ನು ವಿದ್ಯೆಯ ಮಾರಾಟವೆಂದೇ ಕಂಡಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವು, ಶಾಲೆ ನಡೆಸುವುದು ಸಂವಿಧಾನ ರಕ್ಷಿಸುವ ಒಂದು ಉದ್ಯೋಗವೆಂದೂ, ಸಂಸ್ಥೆಯ ಬೆಳವಣಿಗೆಗಾಗಿ ಮಿತವಾದ ಉಳಿತಾಯ ಮಾಡಿಕೊಳ್ಳಬಹುದೆಂದೂ, ಆದರೆ ಲಾಭಕೋರತನ ಮತ್ತು ಡೊನೇಷನ್ ಸಲ್ಲವೆಂದೂ ಹೇಳಿತು. ಮಿತವಾದ ಉಳಿತಾಯ ಎಲ್ಲಿ ಮುಗಿಯುತ್ತದೆ, ಲಾಭಕೋರತನ ಎಲ್ಲಿ ಶುರುವಾಗುತ್ತದೆ ಎಂಬುದು ಲಕ್ಕಮ್ಮನ ಪ್ರಶ್ನೆಯೇ ಆಗಿದೆ. ಲೆಕ್ಕಪರಿಶೋಧಕರ ಸಹಿಯೊಂದೇ ಅದಕ್ಕೆ ಉತ್ತರವಾಗಲಾರದು.

ಈ ತಾತ್ತ್ವಿಕ ಚರ್ಚೆಯನ್ನು ನೆಲಕ್ಕಿಳಿಸಿ ನೋಡಲು ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಅನುಗೊಂಡನಹಳ್ಳಿಯಂಥ ಊರು ತಕ್ಕದ್ದು. ಒಂದು ಕಡೆ ವೈಟ್‌ಫೀಲ್ಡಿನ ಕಂಪನಿಗಳು, ಇನ್ನೊಂದು ಕಡೆ ಮಾಲೂರಿನ ಕಾರ್ಖಾನೆಗಳು, ನಡುವೆ ಲೇಔಟುಗಳಾಗುತ್ತಿರುವ ಹೊಲಗಳು ಇರುವ ಈ ಭಾಗದಲ್ಲಿ ಕನ್ನಡ, ತೆಲುಗು ಎರಡನ್ನೂ ಆಡುವ ಮನೆಗಳ ತಾಯಂದಿರು ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದು, ಟೈ ಕಟ್ಟಿದ ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸುತ್ತಾರೆ. ಫೀಸಿನ ಒಂದು ಕಂತು ಹಾಲಿನ ಬಟವಾಡೆಯಿಂದ, ಮತ್ತೊಂದು ಸ್ತ್ರೀಶಕ್ತಿ ಸಂಘದ ಸಾಲದಿಂದ, ಇನ್ನೊಂದು ಸೈಟು ಮಾರಿದ ದುಡ್ಡಿನಿಂದ ಹೋಗುವುದು ಇಂಥ ಊರುಗಳಲ್ಲಿ ಹೊಸದೇನಲ್ಲ. ಸರ್ಕಾರಿ ಶಾಲೆ ನಡೆದು ಹೋಗುವಷ್ಟು ದೂರದಲ್ಲಿದ್ದು, ಅಲ್ಲಿ ಪುಸ್ತಕ, ಹಾಲು, ಬಿಸಿಯೂಟ ಉಚಿತವಾಗಿ ಸಿಗುತ್ತಿದ್ದರೂ, ನೇಮಕಾತಿ ಪರೀಕ್ಷೆ ಬರೆದು ಬಂದ ತರಬೇತಾದ ಶಿಕ್ಷಕರಿದ್ದರೂ, ತಂದೆತಾಯಿ ವ್ಯಾನಿನ ಕಡೆಗೇ ಮುಖಮಾಡುತ್ತಾರೆ.

ಇದನ್ನು ಬರಿಯ ಪ್ರತಿಷ್ಠೆಯ ಹುಚ್ಚೆಂದು ತಳ್ಳಿಹಾಕುವುದು ಅನ್ಯಾಯ. ಇಂಗ್ಲಿಷ್ ಬಾರದ ಕಾರಣಕ್ಕೆ ವೈಟ್‌ಫೀಲ್ಡಿನ ಕಚೇರಿಗಳಲ್ಲಿ ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸದಾಚೆಗೆ ಹೋಗಲಾರದವರಿಗೆ ಆ ಭಾಷೆ ಅನ್ನದ ಪ್ರಶ್ನೆ. ತರಗತಿಗೊಬ್ಬ ಶಿಕ್ಷಕರಿಲ್ಲದ ಶಾಲೆಯ ಬಗೆಗಿನ ಅವರ ಅಪನಂಬಿಕೆಯೂ ಆಧಾರವಿಲ್ಲದ್ದಲ್ಲ. ಕಲಿಕೆಯ ಮಾಧ್ಯಮದ ಆಯ್ಕೆ ತಂದೆತಾಯಿಯದೆಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ ಭಾಷಾ ನೀತಿಯ ಪ್ರಕರಣದಲ್ಲಿ ಹೇಳಿದ್ದು ಈ ಹಂಬಲಕ್ಕೆ ಕಾನೂನಿನ ಮಾನ್ಯತೆಯನ್ನೂ ಕೊಟ್ಟಿತು. ಆದರೆ ಶುಲ್ಕ ಕಟ್ಟಿ ಪಡೆಯುತ್ತಿರುವುದೇನೆಂದು ವಿಂಗಡಿಸಿ ನೋಡಿದಾಗ, ಪಾಠದ ಜೊತೆಗೆ ಇನ್ನೊಂದು ವಸ್ತುವೂ ಚೀಟಿಯಲ್ಲಿ ಸೇರಿರುವುದು ಗೊತ್ತಾಗುತ್ತದೆ: ಮಗು ಯಾರ ಪಕ್ಕದಲ್ಲಿ ಕೂರುತ್ತದೆ, ಯಾರ ಪಕ್ಕದಲ್ಲಿ ಕೂರುವುದಿಲ್ಲ ಎಂಬ ಖಾತರಿ. ಕೊಟ್ಟರೆ ಕಡಿಮೆಯಾಗದ ವಿದ್ಯೆಗೆ ದರ ಏರಿಸಲು ಸಾಧ್ಯವಾಗುವುದು ಹೀಗೆ ಸಾಲಿನಲ್ಲಿನ ಜಾಗವನ್ನು ಕೃತಕವಾಗಿ ವಿರಳಗೊಳಿಸುವುದರಿಂದ. ಹಣದ ಹೆಸರಿನಲ್ಲಿ ಹಳೆಯ ಪಂಕ್ತಿಭೇದ ಹೀಗೆ ಶಾಲೆಯೊಳಕ್ಕೆ ಮರಳಿ ಬರುತ್ತದೆ.

ಮಕ್ಕಳ ಪಾಲಿಗೆ ಇದರ ಪರಿಣಾಮ ಇನ್ನೂ ಆಳವಾದದ್ದು. ವಿಜಯದಶಮಿಯಂದೋ ಒಳ್ಳೆಯ ದಿನ ನೋಡಿಯೋ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ಬರೆಸುವ ಅಕ್ಷರಾಭ್ಯಾಸದಲ್ಲಿ ವಿದ್ಯೆ ದೇವರ ಮುಂದೆ ದೊರೆತ ಪ್ರಸಾದ. ಕೆಲವೇ ತಿಂಗಳಲ್ಲಿ ಎಲ್‌ಕೆಜಿ ಸೀಟು ಸಿಕ್ಕ ಮೇಲೆ ಅದು ವಾಯಿದೆಗೆ ಕಟ್ಟಬೇಕಾದ ಬಾಕಿ. ‘ಇಷ್ಟು ಫೀಸು ಕಟ್ಟಿದ್ದೀವಿ, ಇಷ್ಟೇನಾ ಮಾರ್ಕ್ಸು’ ಎಂಬ ಮನೆಮನೆಯ ಮಾತು ಮಗುವನ್ನು ಸಾಲಗಾರನನ್ನಾಗಿ ಮಾಡುತ್ತದೆ. ಪಿತೃಋಣ ಋಷಿಋಣಗಳೆರಡೂ ಅಂಕಪಟ್ಟಿಯಲ್ಲಿ ತೀರಿಸಬೇಕಾದ ಒಂದೇ ಸಾಲವಾಗಿಬಿಡುತ್ತವೆ. ಬಾಕಿಯ ಹೆಸರುಗಳನ್ನು ತರಗತಿಯಲ್ಲಿ ಓದಿದಾಗ, ಪರೀಕ್ಷೆಯ ದಿನ ಹೊರಗೆ ನಿಲ್ಲಿಸಿದಾಗ, ಟಿಸಿ ತಡೆಹಿಡಿದಾಗ ಅವಮಾನವಾಗುವುದು ಸಾಲ ಮಾಡದ, ಸಾಲದ ಅರ್ಥವೂ ತಿಳಿಯದ ಮಗುವಿಗೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ವಿಷಯದಲ್ಲಿ ಮಾನಸಿಕ ಕಿರುಕುಳವನ್ನು, ಡೊನೇಷನ್ನನ್ನು, ಸೇರ್ಪಡೆಗೆ ಮುನ್ನ ಮಗುವನ್ನೋ ತಂದೆತಾಯಿಯನ್ನೋ ಪರೀಕ್ಷಿಸುವುದನ್ನು ನಿಷೇಧಿಸಿದೆ. ಮನೆಯ ಭಾಷೆ ಆಡಿದರೆ ದಂಡ ಎಂಬ ನಿಯಮವಿರುವ ಕಡೆ ಮಗು ತಾಯಿ ಓದಲಾಗದ ಡೈರಿಯನ್ನು ಮನೆಗೆ ತರುತ್ತದೆ, ಮತ್ತು ಕಲಿಕೆಯಲ್ಲಿ ತಾಯಿಗೆ ಉಳಿಯುವ ಪಾತ್ರ ಹಣ ಹೊಂದಿಸುವುದೊಂದೇ.

ಶಾಲೆ ನಡೆಸುವವರ ಮಾತಿಗೂ ಇಲ್ಲಿ ಬೆಲೆಯಿದೆ. ಕೊರೊನಾ ಕಾಲದಲ್ಲಿ, 2021ರ ಜನವರಿಯಲ್ಲಿ, ಬೋಧನಾ ಶುಲ್ಕದ 70 ಶೇಕಡವನ್ನಷ್ಟೇ ಪಡೆಯಬೇಕೆಂದು ರಾಜ್ಯ ಸರ್ಕಾರ ಆದೇಶಿಸಿದಾಗ ಖಾಸಗಿ ಶಾಲೆಗಳವರು ಬೀದಿಗಿಳಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟು ಆ ಕಡಿತವನ್ನು 15 ಶೇಕಡಕ್ಕೆ ಇಳಿಸಿತು. ಸಣ್ಣ ಊರಿನ ಅಗ್ಗದ ಶಾಲೆಗಳಲ್ಲಿ ಫೀಸು ನಿಂತೊಡನೆ ಸಂಬಳ ನಿಂತು, ಪಾಠ ಹೇಳುತ್ತಿದ್ದವರು ಕೂಲಿಗೆ, ತರಕಾರಿ ವ್ಯಾಪಾರಕ್ಕೆ ಇಳಿದದ್ದನ್ನು ನಾಡು ಕಂಡಿದೆ. ಶುಲ್ಕವೇ ಪಾಪವೆಂಬ ವಾದ ಈ ಶಿಕ್ಷಕರ ಕಾಯಕಕ್ಕೆ ದ್ರೋಹ ಮಾಡುತ್ತದೆ. ಆದರೆ ಮಕ್ಕಳಿಂದ ಪೂರ್ತಿ ಶುಲ್ಕ ಪಡೆದೂ ಶಿಕ್ಷಕಿಗೆ ಕನಿಷ್ಠ ಸಂಬಳ ಕೊಟ್ಟು, ಉಳಿದದ್ದನ್ನು ಜಮೀನಿಗೋ ಹೊಸ ಬ್ರಾಂಚಿಗೋ ತೊಡಗಿಸುವ ಸಂಸ್ಥೆ ಕಾಯಕವನ್ನೂ ದಾಸೋಹವನ್ನೂ ಒಟ್ಟಿಗೆ ಮುರಿದಂತಾಗುತ್ತದೆ.

ಶಿಕ್ಷಣ ಹಕ್ಕು ಕಾಯ್ದೆಯ 12ನೆಯ ಕಲಮಿನಲ್ಲಿ ಪಂಕ್ತಿಯ ವಿಚಾರಕ್ಕೆ ಒಂದು ಉಪಾಯವಿತ್ತು. ಅದರಂತೆ ಅನುದಾನರಹಿತ, ಅಂದರೆ ಸರ್ಕಾರದ ಹಣ ಪಡೆಯದ, ಖಾಸಗಿ ಶಾಲೆಯು ಆರಂಭದ ತರಗತಿಯ ಕನಿಷ್ಠ 25 ಶೇಕಡ ಸೀಟುಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಕೊಟ್ಟು, ವೆಚ್ಚವನ್ನು ಸರ್ಕಾರದಿಂದ ಪಡೆಯಬೇಕು. ರಘು ಕೌತ್ಸನಿಗಾಗಿ ತೆತ್ತ ರೀತಿ ಅದು. 2012ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಆದರೆ ಕರ್ನಾಟಕವು ನಿಯಮ ತಿದ್ದಿ, ಸರ್ಕಾರಿ ಅಥವಾ ಅನುದಾನಿತ ಶಾಲೆ ಹತ್ತಿರವಿರುವ ಕಡೆ ಖಾಸಗಿ ಶಾಲೆಗೆ ಈ ಹೊಣೆಯಿಲ್ಲವೆಂದು 2019-20ರ ಶೈಕ್ಷಣಿಕ ವರ್ಷದಿಂದ ಜಾರಿಮಾಡಿತು, ಹೈಕೋರ್ಟು 2019ರ ಮೇ 31ರಂದು ಅದನ್ನು ಒಪ್ಪಿತು. ಖಾಸಗಿಯವರಿಗೆ ಕೊಡುವ ಹಣವನ್ನು ತನ್ನದೇ ಶಾಲೆಗಳಿಗೆ ಹಾಕಬೇಕೆಂಬ ಸರ್ಕಾರದ ವಾದದಲ್ಲಿ ಹುರುಳಿದೆ. ಆದರೂ ಊರೂರಿಗೆ ಸರ್ಕಾರಿ ಶಾಲೆಯಿರುವ ಹೋಬಳಿಗಳಲ್ಲಿ ಇದರ ಫಲವೆಂದರೆ ಕೂಲಿಕಾರನ ಮಗು ಒಂದು ಸಾಲಿನಲ್ಲಿ, ಸಂಬಳದಾರನ ಮಗು ಮತ್ತೊಂದು ಸಾಲಿನಲ್ಲಿ ಕೂರುವುದು.

ತನ್ನ ಮಗುವಿಗೆ ಉತ್ತಮವಾದುದನ್ನು ಒದಗಿಸುವುದೇ ತಂದೆತಾಯಿಯ ಧರ್ಮವಲ್ಲವೇ ಎಂಬ ಆಕ್ಷೇಪ ಇಲ್ಲಿ ಸಹಜ. ಅದು ಧರ್ಮವೇ, ಮತ್ತು ಅದಕ್ಕಾಗಿ ಸಾಲ ಮಾಡುವ ತಾಯಿಯನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಗೃಹಸ್ಥಧರ್ಮವು ಮನೆಯ ಹೊಸ್ತಿಲಿಗೆ ನಿಲ್ಲುವುದಿಲ್ಲ: ಉಣ್ಣುವ ಮೊದಲು ಅತಿಥಿಯನ್ನು ವಿಚಾರಿಸಬೇಕೆಂದು ವಿಧಿಸಿದ ಪರಂಪರೆಯಲ್ಲಿ, ನೆರೆಮನೆಯ ಮಗು ಓದುವ ಶಾಲೆ ಹೇಗಿದೆಯೆಂದು ವಿಚಾರಿಸುವುದೂ ಅದೇ ಧರ್ಮದ ಭಾಗ. ಅನುಕೂಲಸ್ಥರ ಮಕ್ಕಳು ಬಿಟ್ಟುಹೋದ ಸರ್ಕಾರಿ ಶಾಲೆಯಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ದನಿ ಕ್ಷೀಣಿಸುತ್ತದೆ, ಖಾಲಿ ಹುದ್ದೆಯನ್ನು ಪ್ರಶ್ನಿಸುವವರು ಉಳಿಯುವುದಿಲ್ಲ, ಮತ್ತು ಆ ಶಾಲೆಯ ದುರವಸ್ಥೆಯೇ ಮುಂದಿನ ವರ್ಷ ಇನ್ನಷ್ಟು ಮಕ್ಕಳನ್ನು ವ್ಯಾನಿಗೆ ಹತ್ತಿಸುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಶುಲ್ಕ ಪಡೆಯುವುದು ಅಧರ್ಮವಲ್ಲ. ಶುಲ್ಕದ ಬಾಕಿಯನ್ನು ಮಗುವಿನ ಮೇಲೆ ಹೇರುವುದು, ಶಿಕ್ಷಕರ ಕಾಯಕದ ಪಾಲನ್ನು ನುಂಗುವುದು, ಹಣದ ಬಲದಿಂದ ಪಂಕ್ತಿಭೇದ ಮಾಡುವುದು ಅಧರ್ಮ. ಬಾಕಿಯ ಮಾತನ್ನು ಶಾಲೆಯ ಆಡಳಿತ ದೊಡ್ಡವರೊಂದಿಗೆ ಮಾತ್ರ ಆಡಬೇಕು. ಆದಾಯ, ವೆಚ್ಚ, ಸಂಬಳಗಳ ಲೆಕ್ಕವನ್ನು ತಂದೆತಾಯಿಯ ಮುಂದೆ ಇಡಬೇಕು. 25 ಶೇಕಡದ ಸಾಲನ್ನು ಸರ್ಕಾರ ಮತ್ತೆ ತೆರೆಯಬೇಕು, ಇಲ್ಲವೇ ತನ್ನ ಶಾಲೆಗಳಲ್ಲಿ ತರಗತಿಗೊಬ್ಬ ಶಿಕ್ಷಕರನ್ನು ಕೊಟ್ಟು ಆ ಸಾಲಿನ ಅಗತ್ಯವೇ ಇಲ್ಲದಂತೆ ಮಾಡಬೇಕು. ಈ ಎರಡರಲ್ಲಿ ಒಂದನ್ನೂ ಮಾಡದ ಸರ್ಕಾರಕ್ಕೆ ಖಾಸಗಿ ಶಾಲೆಗಳನ್ನು ದೂರುವ ನೈತಿಕ ಅಧಿಕಾರವಿಲ್ಲ.